ಪರಂಗಿಯ ಬಳಗ, ಮತದ ಬಳಗ

ಬಚ್ಚಲುನೀರು ಹರಿಯುವ ಹಿತ್ತಲಲ್ಲಿ ಯಾರೂ ನೆಡದೆ ತಾನೇ ಎದ್ದುನಿಲ್ಲುವ ಪರಂಗಿ ಗಿಡ. ಮೈಸೂರು ದಸರೆಯಲ್ಲಿ ಕುಶಾಲತೋಪು ಸಿಡಿಸುವ ಫಿರಂಗಿ. ಬಡಾವಣೆಯ ಮೂಲೆಯಲ್ಲಿ ಐಸ್‌ಕ್ರೀಂ ಅಂಗಡಿ ತೆರೆಯಲು ಯಾರೋ ಲಕ್ಷಗಟ್ಟಲೆ ಕಟ್ಟಿ ಪಡೆದ ಫ್ರಾಂಚೈಸಿ. ಗೆಳೆಯನೊಬ್ಬ ಕುರ್ಚಿ ಹತ್ತಿರ ಎಳೆದುಕೊಂಡು ‘ಫ್ರ್ಯಾಂಕಾಗಿ ಹೇಳ್ತೀನಿ’ ಎನ್ನುವಾಗಿನ ಫ್ರ್ಯಾಂಕು. ಕನ್ನಡದಲ್ಲಿ ಹೀಗೆ ಬೇರೆಬೇರೆ ಮನೆಗಳಲ್ಲಿ ವಾಸವಾಗಿರುವ ಈ ನಾಲ್ಕೂ ಒಡಹುಟ್ಟಿದವು. ಇವುಗಳ ಐದನೆಯ ಒಡಹುಟ್ಟು ಒಂದಿದೆ. ಅದು ಕನ್ನಡದ ಹೊಸ್ತಿಲವರೆಗೆ ಬಂದು, ಒಳಗೆ ಕಾಲಿಡದೆ ಹಿಂದಿರುಗಿತು. ಓಟು ಹಾಕುವ ಹಕ್ಕಿಗೆ ಇಂಗ್ಲಿಷಿನಲ್ಲಿ ಇರುವ ಹೆಸರು ಅದು: ಫ್ರಾಂಚೈಸ್. ಆ ಹಕ್ಕಿಲ್ಲದವರಿಗೆ ಅದನ್ನು ಕೊಡುವುದಕ್ಕೂ, ಬಂಧನದಲ್ಲಿರುವವರನ್ನು ಬಿಡುಗಡೆ ಮಾಡುವುದಕ್ಕೂ ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದ, ಎನ್‌ಫ್ರಾಂಚೈಸ್. ಬಿಡುಗಡೆಯೂ ಓಟೂ ಒಂದೇ ಮಾತಿನೊಳಗೆ ಹೇಗೆ ಸೇರಿಕೊಂಡವು, ಕನ್ನಡ ಆ ಮಾತನ್ನು ಯಾಕೆ ಒಳಗೆ ಕರೆಯಲಿಲ್ಲ, ಬದಲಿಗೆ ಏನನ್ನು ಕಟ್ಟಿಕೊಂಡಿತು ಎಂಬ ವಿಚಾರ ನನ್ನನ್ನು ಬಹಳ ದಿನಗಳಿಂದ ಬಿಟ್ಟಿಲ್ಲ.

ಎಲ್ಲಕ್ಕೂ ಮೂಲ ರೈನ್ ನದಿಯ ಆಚೀಚೆ ಇದ್ದ ಒಂದು ಜನಾಂಗ, ಫ್ರಾಂಕರು. ಅವರ ಕೈಯಲ್ಲಿದ್ದ ಒಂದು ಬಗೆಯ ಈಟಿಯಿಂದ ಅವರಿಗೆ ಆ ಹೆಸರು ಬಂತೆಂದು ಹಲವು ಪಂಡಿತರ ಊಹೆ. 5ನೆಯ ಶತಮಾನದ ಕೊನೆಯಲ್ಲಿ ಅವರ ದೊರೆ ಕ್ಲೋವಿಸ್ ಈಗಿನ ಫ್ರಾನ್ಸಿನ ಬಹುಭಾಗವನ್ನು ಗೆದ್ದ. ಗೆದ್ದ ನೆಲದಲ್ಲಿ ಪೂರ್ಣ ಸ್ವತಂತ್ರರು ಅಂದರೆ ಫ್ರಾಂಕರು, ಇಲ್ಲವೇ ಅವರ ಆಶ್ರಯ ಪಡೆದವರು. ಉಳಿದವರಿಗೆ ಒಂದಲ್ಲ ಒಂದು ಕಟ್ಟು. ಕಾಲ ಕಳೆದಂತೆ ಜನಾಂಗದ ಹೆಸರೇ ಗುಣವಾಚಕವಾಯಿತು. ‘ಫ್ರಾಂಕ್’ ಅಂದರೆ ಸ್ವತಂತ್ರ. ಯಾರ ಹಂಗೂ ಇಲ್ಲದವನು ಮುಚ್ಚುಮರೆಯಿಲ್ಲದೆ ಮಾತಾಡಬಲ್ಲ. ಆದ್ದರಿಂದ ಮುಂದೆ ಅದೇ ಪದಕ್ಕೆ ನೇರನುಡಿ ಎಂಬ ಅರ್ಥವೂ ಹತ್ತಿತು. ನಮ್ಮ ಗೆಳೆಯ ಬಳಸುವುದು ಅದನ್ನೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಜನಾಂಗದ ಹೆಸರು ಸ್ವಾತಂತ್ರ್ಯಕ್ಕೆ ಹೆಸರಾಯಿತು ಅಂದರೆ ಆ ನೆಲದಲ್ಲಿ ಸ್ವಾತಂತ್ರ್ಯ ಇದ್ದದ್ದು ಆ ಜನಾಂಗಕ್ಕೆ ಮಾತ್ರ ಎಂದರ್ಥ. ಎಲ್ಲರಿಗೂ ಇರುವುದಕ್ಕೆ ಗೆದ್ದವರ ಹೆಸರು ಅಂಟುವುದಿಲ್ಲ. ಇದರ ಇನ್ನೊಂದು ಮಗ್ಗುಲು ಇನ್ನೂ ಕಠೋರವಾದದ್ದು. ಗುಲಾಮನಿಗೆ ಇಂಗ್ಲಿಷಿನಲ್ಲಿರುವ ‘ಸ್ಲೇವ್’ ಎಂಬ ಪದ ಹುಟ್ಟಿದ್ದು ಸ್ಲಾವ್ ಎಂಬ ಜನಾಂಗದ ಹೆಸರಿನಿಂದ. ಮಧ್ಯಯುಗದಲ್ಲಿ ಆ ಜನರನ್ನು ಅಷ್ಟೊಂದು ಸಂಖ್ಯೆಯಲ್ಲಿ ಹಿಡಿದು ಮಾರಿದರು. ಯುರೋಪಿನ ಭಾಷೆಗಳಲ್ಲಿ ಗೆದ್ದವರ ಹೆಸರು ಸ್ವಾತಂತ್ರ್ಯವಾಗಿ ಉಳಿಯಿತು, ಸಿಕ್ಕಿಬಿದ್ದವರ ಹೆಸರು ದಾಸ್ಯವಾಗಿ ಉಳಿಯಿತು.

ಗೆದ್ದವನ ಸೊತ್ತಾದ ಮೇಲೆ ಸ್ವಾತಂತ್ರ್ಯವನ್ನು ಕೊಡಬಹುದು, ಮಾರಬಹುದು. 1315ರಲ್ಲಿ ಫ್ರಾನ್ಸಿನ ದೊರೆ ಹತ್ತನೆಯ ಲೂಯಿ ಒಂದು ಆಜ್ಞೆ ಹೊರಡಿಸಿದ. ನಿಸರ್ಗದ ನ್ಯಾಯದಂತೆ ಪ್ರತಿಯೊಬ್ಬನೂ ಸ್ವತಂತ್ರನಾಗಿಯೇ ಹುಟ್ಟಬೇಕು, ನಮ್ಮದು ಫ್ರಾಂಕರ ರಾಜ್ಯವೆಂದು ಹೆಸರಾಗಿರುವಾಗ ಹೆಸರಿಗೆ ತಕ್ಕಂತೆ ಇರಬೇಕು ಎಂಬುದು ಅದರ ತಾತ್ಪರ್ಯ. ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅರಮನೆಯ ಹೊಲಗಳಲ್ಲಿ ಜೀತಕ್ಕಿದ್ದ ರೈತರಿಗೆ ಆ ಬಿಡುಗಡೆ ಸಿಗುತ್ತಿದ್ದದ್ದು ಹಣ ಕಟ್ಟಿದರೆ ಮಾತ್ರ. ದೊರೆಗೆ ಫ್ಲ್ಯಾಂಡರ್ಸ್ ಯುದ್ಧಕ್ಕೆ ದುಡ್ಡು ಬೇಕಿತ್ತು. ಅಲ್ಲಿಂದ ನಲವತ್ತೈದು ವರ್ಷಕ್ಕೆ, 1360ರಲ್ಲಿ, ಫ್ರಾಂಕ್ ಎಂಬ ಚಿನ್ನದ ನಾಣ್ಯವೇ ಟಂಕಿಸಲ್ಪಟ್ಟಿತು. ಇಂಗ್ಲಿಷರ ಸೆರೆಯಲ್ಲಿದ್ದ ದೊರೆ ಎರಡನೆಯ ಜಾನ್‌ನನ್ನು ಬಿಡಿಸಿಕೊಳ್ಳಲು ತೆರಬೇಕಾದ ಹಣದ ಹೊತ್ತಿನಲ್ಲಿ ಹುಟ್ಟಿದ ನಾಣ್ಯ ಅದು. ಸ್ವಾತಂತ್ರ್ಯ ಎಂಬ ಪದ ನಾಣ್ಯದ ಮೈಮೇಲೇ ಕುಳಿತುಬಿಟ್ಟಿತು.

ಕಡಲ್ಗಾಲುವೆ ದಾಟಿ ಇಂಗ್ಲೆಂಡಿಗೆ ಹೋದ ಫ್ರಾಂಚೈಸ್ ಎಂಬ ರೂಪಕ್ಕೆ ಅಲ್ಲಿ ಮೊದಲು ಇದ್ದ ಅರ್ಥ ‘ದೊರೆ ಕೊಟ್ಟ ವಿಶೇಷ ಹಕ್ಕು’. ಸಂತೆ ನಡೆಸುವುದು, ಜಾತ್ರೆಯ ಸುಂಕ ಎತ್ತುವುದು, ದೋಣಿ ಹಾಕಿ ಹೊಳೆ ದಾಟಿಸುವುದು, ಇವೆಲ್ಲ ಫ್ರಾಂಚೈಸ್‌ಗಳು. ದೊರೆ ಮೊಹರು ಒತ್ತಿ ಕೊಟ್ಟವನಿಗೆ ಉಂಟು, ಪಕ್ಕದ ಮನೆಯವನಿಗೆ ಇಲ್ಲ. ಇವತ್ತಿನ ಅಂಗಡಿ ಫ್ರಾಂಚೈಸಿಯಲ್ಲೂ ಕ್ರಿಕೆಟ್ ತಂಡದ ಫ್ರಾಂಚೈಸಿಯಲ್ಲೂ ಉಳಿದುಕೊಂಡಿರುವುದು ಆ ಹಳೆಯ ಅರ್ಥ: ಮೇಲಿರುವ ಒಡೆಯನೊಬ್ಬ ಇಂತಿಷ್ಟು ಹಣಕ್ಕೆ, ಇಂತಿಷ್ಟು ಪ್ರದೇಶಕ್ಕೆ ಕೊಡುವ ಅನುಮತಿ. ಪಟ್ಟಣದ ಪೌರನೆಂದು ಒಬ್ಬನನ್ನು ಸೇರಿಸಿಕೊಳ್ಳುವುದು, ದಾಸನನ್ನು ಬಿಟ್ಟುಬಿಡುವುದು, ಒಂದು ಊರಿಗೆ ಪಾರ್ಲಿಮೆಂಟಿಗೆ ಪ್ರತಿನಿಧಿ ಕಳಿಸುವ ಅಧಿಕಾರ ಕೊಡುವುದು, ಇಷ್ಟಕ್ಕೂ ಎನ್‌ಫ್ರಾಂಚೈಸ್ ಎಂಬ ಒಂದೇ ಮಾತು ಸಾಕಾಯಿತು. ಒಬ್ಬೊಬ್ಬ ಮನುಷ್ಯನ ಓಟಿನ ಹಕ್ಕು ಎಂಬ ಅರ್ಥ ಗಟ್ಟಿಯಾದದ್ದು 18ನೆಯ ಶತಮಾನದ ಕೊನೆಗೆ. ಆಗಲೂ ಅದು ಆಸ್ತಿಯ ನೆರಳಲ್ಲೇ ಇತ್ತು. 1832ರ ಸುಧಾರಣಾ ಕಾಯ್ದೆ ಪಟ್ಟಣಗಳಲ್ಲಿ ವರ್ಷಕ್ಕೆ ಹತ್ತು ಪೌಂಡ್ ಬೆಲೆ ಬಾಳುವ ಮನೆಯಿದ್ದವನಿಗೆ ಓಟು ಕೊಟ್ಟಿತು, ಅವನು ಗಂಡಸೇ ಆಗಿರಬೇಕೆಂದು ಮೊದಲ ಬಾರಿಗೆ ಅಕ್ಷರದಲ್ಲಿ ಬರೆಯಿತು. ಹೆಂಗಸರಿಗೆ ಗಂಡಸರ ಸಮಕ್ಕೆ ಓಟು ಬರಲು ಬ್ರಿಟನ್ನಿನಲ್ಲಿ 1928ರವರೆಗೆ ಕಾಯಬೇಕಾಯಿತು.

ಫ್ರಾಂಕ್ ಪದ ಪೂರ್ವಕ್ಕೆ ನಡೆದ ದಾರಿ ಬೇರೆ. 11ನೆಯ ಶತಮಾನದ ಕೊನೆಯಲ್ಲಿ ಶಿಲುಬೆಯ ಯುದ್ಧಗಳಿಗೆಂದು ಪಶ್ಚಿಮ ಯುರೋಪಿನ ಜನ ಅರಬರ ನಾಡಿಗೆ ನುಗ್ಗಿದಾಗ ಅವರಲ್ಲಿ ಯಾರು ನಾರ್ಮನ್, ಯಾರು ಜರ್ಮನ್ ಎಂದು ವಿಂಗಡಿಸುವ ಗೋಜಿಗೆ ಅರಬರು ಹೋಗಲಿಲ್ಲ. ಎಲ್ಲರೂ ‘ಇಫ್ರಂಜ್’. ಪಾರಸಿಯಲ್ಲಿ ಅದು ಫರಂಗ್, ಫರಂಗಿ ಆಯಿತು. 1498ರಲ್ಲಿ ಪೋರ್ಚುಗೀಸರ ಹಡಗು ಕಲ್ಲಿಕೋಟೆಗೆ ಬಂದಾಗ ಹೆಸರು ಅವರಿಗಿಂತ ಮೊದಲೇ ಬಂದು ಕಾದು ಕೂತಿತ್ತು. 1510ರಲ್ಲಿ ಅವರು ಗೋವೆಯನ್ನು ಹಿಡಿದದ್ದು ಹೊನ್ನಾವರದ ಕಡೆಯ ಹಡಗುಪಡೆಯ ನಾಯಕ ತಿಮ್ಮಯ್ಯನ ನೆರವಿನಿಂದ. ಹತ್ತು ವರ್ಷದ ಮೇಲೆ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಕಡೆ ಬಂದೂಕು ಹಿಡಿದು ನಿಂತವರಲ್ಲಿ ಕೆಲವರು ಪೋರ್ಚುಗೀಸರು. ಕನ್ನಡಿಗರ ಕಣ್ಣಿಗೆ ಪರಂಗಿಯವನು ಬಿದ್ದದ್ದು ಹೀಗೆ, ಸಿಡಿಮದ್ದಿನ ಹೊಗೆಯ ನಡುವೆ. ಅವನು ತಂದ ಆಯುಧ ಫಿರಂಗಿಯಾಯಿತು. ಅಮೆರಿಕ ಖಂಡದಿಂದ ಅವನ ಹಡಗಿನಲ್ಲಿ ಬಂದ ಹಣ್ಣು ಪರಂಗಿ ಹಣ್ಣಾಯಿತು; ತಮಿಳರು ಅದೇ ಹೆಸರನ್ನು ಕುಂಬಳಕ್ಕೆ ಕೊಟ್ಟರು, ಮದ್ರಾಸಿನ ಸೇಂಟ್ ಥಾಮಸ್ ಬೆಟ್ಟವನ್ನು ಪರಂಗಿಮಲೈ ಎಂದರು. ಅವನ ಜೊತೆಗೇ ಬಂದ ಗುಹ್ಯರೋಗಕ್ಕೆ 16ನೆಯ ಶತಮಾನದ ವೈದ್ಯ ಭಾವಮಿಶ್ರ ತನ್ನ ಗ್ರಂಥದಲ್ಲಿ ಫಿರಂಗರೋಗವೆಂದೇ ಹೆಸರಿಟ್ಟ. ಹಣ್ಣು, ತೋಪು, ರೋಗ: ಒಂದು ಜನ ಇನ್ನೊಂದು ಜನವನ್ನು ಮುಟ್ಟಿದಾಗ ಏನೇನು ದಾಟುತ್ತದೋ ಅದೆಲ್ಲ ಆ ಮೂರು ಅಕ್ಷರದಲ್ಲಿದೆ. ಯುರೋಪಿನಲ್ಲಿ ಆ ಪದಕ್ಕಿದ್ದ ಸ್ವಾತಂತ್ರ್ಯ ಎಂಬ ಅರ್ಥ ಮಾತ್ರ ಹಡಗು ಹತ್ತಲಿಲ್ಲ.

ಅದು ಬಂದದ್ದು ಮುನ್ನೂರೈವತ್ತು ವರ್ಷ ತಡವಾಗಿ, ಕಂದಾಯ ಇಲಾಖೆಯ ಕಡತದಲ್ಲಿ. ಬಂದದ್ದು ಮನುಷ್ಯರಿಗಾಗಿಯೂ ಅಲ್ಲ. 1858ರಲ್ಲಿ ಮದ್ರಾಸ್ ಸರ್ಕಾರ ಇನಾಂ ಆಯೋಗವನ್ನು ನೇಮಿಸಿತು. ಹಿಂದಿನ ಅರಸರು ದೇವಸ್ಥಾನಕ್ಕೆ, ಮಠಕ್ಕೆ, ಬ್ರಾಹ್ಮಣರಿಗೆ, ಊರ ಚಾಕರಿಯವರಿಗೆ ಬಿಟ್ಟುಕೊಟ್ಟ ಇನಾಂ ಭೂಮಿಯ ಲೆಕ್ಕ ಹಿಡಿಯುವುದು ಅದರ ಕೆಲಸ. ಇನಾಂದಾರ ವರ್ಷಕ್ಕಿಷ್ಟು ಎಂದು ಕಾಯಂ ಹಗುರ ಕಂದಾಯ ಕಟ್ಟಲು ಒಪ್ಪಿದರೆ, ಆ ಭೂಮಿಯನ್ನು ಮುಂದೊಂದು ದಿನ ಹಿಂದಕ್ಕೆ ಪಡೆಯುವ ತನ್ನ ಹಕ್ಕನ್ನು ಸರ್ಕಾರ ಬಿಟ್ಟುಕೊಡುತ್ತಿತ್ತು. ಅವನು ಅದನ್ನು ಮಾರಬಹುದು, ಮಕ್ಕಳಿಗೆ ಬರೆಯಬಹುದು. ಈ ಏರ್ಪಾಡಿಗೆ ಅಧಿಕಾರಿಗಳು ಇಟ್ಟ ಹೆಸರು ಎನ್‌ಫ್ರಾಂಚೈಸ್‌ಮೆಂಟ್. 1862ರಲ್ಲಿ ಇದಕ್ಕೆಂದೇ ಕಾಯ್ದೆಯೂ ಬಂತು. ಬಳ್ಳಾರಿ, ದಕ್ಷಿಣ ಕನ್ನಡ ಆಗ ಮದ್ರಾಸಿನ ಭಾಗ. ಅಂದರೆ ಹೊಲ ಉತ್ತವರಿಗೆ ಫ್ರಾಂಚೈಸ್ ಸಿಗುವುದಕ್ಕೆ ತೊಂಬತ್ತು ವರ್ಷ ಮೊದಲೇ ಹೊಲಕ್ಕೆ ಸಿಕ್ಕಿತ್ತು. ನಾನು ಇದನ್ನು ಮೊದಲು ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ಮಣ್ಣಿಗೆ ಬಿಡುಗಡೆಪತ್ರ ಬರೆದುಕೊಟ್ಟ ಕೈಗೆ ಆ ಮಣ್ಣಿನಲ್ಲಿ ದುಡಿಯುವ ಜೀತದಾಳು ಕಾಣಿಸಲಿಲ್ಲ. ಅವನಿಗೆ ಬಿಡುಗಡೆಪತ್ರ ಕೊಡಿಸುವ ಜೀತಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ.

ಮನುಷ್ಯರ ಸರದಿ ಬಂದಾಗಲೂ ಮಣ್ಣಿನ ಮೂಲಕವೇ ಬಂತು. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು 1881ರ ಅಕ್ಟೋಬರಿನಲ್ಲಿ, ದಸರೆಯ ಹೊತ್ತಿಗೆ, ಪ್ರಜಾಪ್ರತಿನಿಧಿ ಸಭೆ ಕರೆದರು. ಮೊದಲ ಸಭೆಗೆ ಬಂದವರು 144 ಮಂದಿ, ಭೂಹಿಡುವಳಿದಾರರು ಮತ್ತು ವ್ಯಾಪಾರಿಗಳು. ದೇಶಕ್ಕೇ ಮೇಲ್ಪಂಕ್ತಿಯಾದ ಹೆಜ್ಜೆ ಅದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ 1891ರಲ್ಲಿ ಚುನಾವಣೆಯ ಹಕ್ಕು ಬಂದಾಗ ಅಳೆಯಲು ಹಿಡಿದ ಕೋಲು ಮುಖ್ಯವಾಗಿ ಭೂಕಂದಾಯದ್ದು. ಬ್ರಿಟಿಷ್ ಪ್ರಾಂತಗಳಲ್ಲಿ ಯಾರಿಗೆ ಓಟು ಕೊಡಬೇಕೆಂದು ನಿರ್ಧರಿಸಲು ಬಂದ ಸೌತ್‌ಬರೋ ಸಮಿತಿಯ ಹೆಸರಲ್ಲೇ ಫ್ರಾಂಚೈಸ್ ಇತ್ತು. ಆ ಸಮಿತಿಯ ಮುಂದೆ 1919ರ ಜನವರಿಯಲ್ಲಿ ಮುಂಬಯಿಯಲ್ಲಿ ಇಪ್ಪತ್ತೇಳು ವಯಸ್ಸಿನ ಪ್ರಾಧ್ಯಾಪಕರೊಬ್ಬರು ಹೇಳಿಕೆ ಕೊಟ್ಟರು: ಭೀಮರಾವ್ ಅಂಬೇಡ್ಕರ್. ಅಸ್ಪೃಶ್ಯರನ್ನು ಆಸ್ತಿಯ ಕೋಲಿನಿಂದ ಅಳೆದರೆ ಒಬ್ಬರೂ ಆ ಎತ್ತರಕ್ಕೆ ಬರುವುದಿಲ್ಲ, ಕೋಲನ್ನೇ ತಗ್ಗಿಸಬೇಕು ಎಂಬುದು ಅವರ ವಾದದ ಒಂದು ಎಳೆ. 1928ರಲ್ಲಿ ಸೈಮನ್ ಆಯೋಗದ ಮುಂದೆ ನಿಂತಾಗ ಅವರು ಕೋಲನ್ನೇ ಬಿಸಾಡಿ ಎಂದರು, ಪ್ರಾಯಕ್ಕೆ ಬಂದ ಎಲ್ಲರಿಗೂ ಓಟು ಕೇಳಿದರು.

ಸೌತ್‌ಬರೋ ಸಮಿತಿ ಹೆಂಗಸರಿಗೆ ಓಟು ಬೇಡವೆಂದಿತು. ಕೊನೆಗೆ ಪ್ರಾಂತಗಳ ಇಚ್ಛೆಗೆ ಬಿಟ್ಟಾಗ 1921ರಲ್ಲಿ ಮದ್ರಾಸು ಮೊದಲು ಬಾಗಿಲು ತೆರೆಯಿತು. ಮೈಸೂರೂ 1920ರ ದಶಕದ ಮೊದಲ ವರ್ಷಗಳಲ್ಲೇ ಆ ಹೆಜ್ಜೆ ಇಟ್ಟಿತು. ಆದರೆ ಓಟು ಹಾಕುವ ಹೆಂಗಸು ಓಟು ಕೇಳುವಂತಿರಲಿಲ್ಲ. ಸ್ಪರ್ಧಿಸುವ ಅವಕಾಶ ಬಂದದ್ದು 1926ಕ್ಕೆ. ಬಂದ ಕೂಡಲೇ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ವಿಧಾನ ಪರಿಷತ್ತಿಗೆ ನಿಂತರು, ಕೂದಲೆಳೆಯಷ್ಟು ಅಂತರದಲ್ಲಿ ಸೋತರು. ಆಗ ಅವರಿಗಿನ್ನೂ ಇಪ್ಪತ್ಮೂರು. 1932ರಲ್ಲಿ ಲೋಥಿಯನ್ ನೇತೃತ್ವದಲ್ಲಿ ಇನ್ನೊಂದು ಫ್ರಾಂಚೈಸ್ ಸಮಿತಿ ಬಂತು. ಎಲ್ಲ ವಯಸ್ಕರಿಗೂ ಓಟು ಎಂಬುದು ಈ ದೇಶದಲ್ಲಿ ಆಗದ ಮಾತು ಎಂದು ಅದು ತೀರ್ಮಾನಿಸಿತು. 1935ರ ಕಾಯ್ದೆಯಲ್ಲಿ ಓಟು ಸಿಕ್ಕಿದ್ದು ಸುಮಾರು 3 ಕೋಟಿ ಜನಕ್ಕೆ. ಹೆಂಗಸರಲ್ಲಿ ಬಹುಪಾಲು ಜನ ಪಟ್ಟಿಗೆ ಬಂದದ್ದು ಆಸ್ತಿವಂತನ ಹೆಂಡತಿ ಎಂದು, ಇಲ್ಲವೇ ಅವನ ವಿಧವೆ ಎಂದು. ಗಂಡನ ಜಮೀನಿನ ನೆರಳು ಬಿದ್ದಲ್ಲಿ ಮಾತ್ರ ಅವಳು ಪ್ರಜೆ.

ಫ್ರಾಂಚೈಸ್ ಎಂಬ ಪದದ ಉದ್ದಕ್ಕೂ ಒಂದು ಕೈ ಕಾಣುತ್ತದೆ, ಮೇಲಿಂದ ಕೆಳಕ್ಕೆ ಚಾಚಿದ ಕೈ. ಫ್ರಾಂಕ್ ದೊರೆಯ ಕೈ, ಮೊಹರು ಒತ್ತುವ ಕೈ, ಸಮಿತಿಯ ವರದಿಗೆ ಸಹಿ ಹಾಕುವ ಕೈ. ಕನ್ನಡ ಪತ್ರಿಕೆಗಳೂ ಸಭೆಗಳೂ ಈ ಹಕ್ಕಿಗೆ ಮಾತು ಹುಡುಕುವಾಗ ಆ ಪದವನ್ನು ಬಿಟ್ಟು ‘ಮತ’ವನ್ನು ಎತ್ತಿಕೊಂಡವು. ಯಾವುದೋ ಒಂದು ದಿನ ಯಾರೋ ಕುಳಿತು ತೀರ್ಮಾನಿಸಿದ್ದಲ್ಲ ಇದು, ನೆರೆಹೊರೆಯ ಭಾರತೀಯ ಭಾಷೆಗಳ ಜೊತೆ ನಡೆನಡೆಯುತ್ತ ಆದದ್ದು. ಆದರೂ ಆಯ್ಕೆಯ ಹಿಂದಿನ ಅರ್ಥ ಚಿಕ್ಕದಲ್ಲ.

ಮತ ಎಂಬುದು ‘ಮನ್’ ಎಂಬ ಸಂಸ್ಕೃತ ಧಾತುವಿನ ಕೂಸು. ಮನ್ ಅಂದರೆ ಯೋಚಿಸು, ಭಾವಿಸು. ಮನಸ್ಸು, ಮತಿ, ಮಂತ್ರ ಇದರದ್ದೇ ಬಳಗ. ಮತ ಅಂದರೆ ‘ಯೋಚಿಸಿದ್ದು’, ಮನಸ್ಸಿಗೆ ಒಪ್ಪಿದ್ದು. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ, 9ನೆಯ ಶತಮಾನದ ‘ಕವಿರಾಜಮಾರ್ಗ’, ತನ್ನನ್ನು ನೃಪತುಂಗದೇವನ ಅನುಮತವಾದದ್ದು ಎಂದು ಹೇಳಿಕೊಳ್ಳುತ್ತದೆ. ಬರೆದವನು ದೊರೆಯೇ ಅಥವಾ ಅವನ ಆಸ್ಥಾನದ ಶ್ರೀವಿಜಯನೇ ಎಂದು ವಿದ್ವಾಂಸರು ದಶಕಗಟ್ಟಲೆ ನಡೆಸಿದ ಚರ್ಚೆ ಬಹುಮಟ್ಟಿಗೆ ತಿರುಗುವುದು ಆ ಅನುಮತ ಎಂಬ ಮಾತಿನ ಸುತ್ತಲೇ. ಕನ್ನಡದ ಓದುಬರಹ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗಾಗಲೇ ಮತ ಅಲ್ಲಿತ್ತು, ಆದರೆ ಅದು ದೊರೆಯ ಮತ. ಇದೇ ಬಳಗದ ಇನ್ನೊಂದು ಪದ ‘ಮಾನ್ಯ’ ನಮ್ಮ ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೆ ಸಿಗುತ್ತದೆ. ಎಲ್ಲ ತೆರಿಗೆಗಳಿಂದಲೂ ಬಿಡುಗಡೆ ಮಾಡಿ ಕೊಟ್ಟ ಭೂಮಿ ‘ಸರ್ವಮಾನ್ಯ’. ಹೋಲಿಕೆ ಎಷ್ಟು ಹತ್ತಿರದ್ದೆಂದರೆ ಫ್ರಾಂಚೈಸ್‌ನ ಹಳೆಯ ಅರ್ಥಕ್ಕೆ ಕನ್ನಡದಲ್ಲಿ ಸರಿಯಾದ ಪದ ಹುಡುಕಿದರೆ ಸಿಗುವುದು ಸರ್ವಮಾನ್ಯವೇ. ಆ ಹಳೆಯ ಪದದಲ್ಲಿ ‘ಸರ್ವ’ ಇದ್ದದ್ದು ತೆರಿಗೆಗಳಿಗೆ. ಸರ್ವಜನಕ್ಕೆ ಅಲ್ಲ.

ಆಮೇಲೆ ಮತಕ್ಕೆ ಇನ್ನೊಂದು ಅರ್ಥ ಕೂಡಿಕೊಂಡಿತು. ಶಂಕರರ ಮತ, ಮಧ್ವರ ಮತ ಎನ್ನುವಾಗ ಮೊದಲಿಗೆ ಇದ್ದ ಅರ್ಥ ಆ ಆಚಾರ್ಯರ ಅಭಿಪ್ರಾಯ, ಅವರು ಶಾಸ್ತ್ರವನ್ನು ಓದಿಕೊಂಡ ಬಗೆ. ಶಿಷ್ಯರು ಸೇರಿದರು, ಮಠ ಬೆಳೆಯಿತು. ಮತವೆಂದರೆ ಪಂಥ, ಕೊನೆಗೆ ಧರ್ಮ ಎಂದಾಯಿತು. ಮತಾಂತರ, ಮತಾಂಧ ಎಂಬ ಮಾತುಗಳು ಈ ಕವಲಿನವು. ಇಲ್ಲಿ ನಡೆದ ಒಂದು ಸೂಕ್ಷ್ಮ ಬದಲಾವಣೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಮತ ಇದ್ದದ್ದು ಆಚಾರ್ಯರೊಬ್ಬರಿಗೆ. ಮಿಕ್ಕವರು ಮತಕ್ಕೆ ಸೇರಿದವರು. ಕಳೆ ಕೀಳುವ ಹೆಂಗಸಿಗೆ ಒಂದು ಮತ ಇದೆ ಅಂದರೆ ಅವಳು ಇಂಥ ದೇವರಿಗೆ ನಡೆದುಕೊಳ್ಳುವವಳು ಎಂದರ್ಥವೇ ಹೊರತು, ಅವಳು ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದಾಳೆ ಎಂದಲ್ಲ. ಚುನಾವಣೆಯ ಮತ ಆ ಪದವನ್ನು ಅದರ ಧಾತುವಿನ ಹತ್ತಿರಕ್ಕೆ ವಾಪಸು ಕರೆತಂದಿತು: ನಿನ್ನ ಮನಸ್ಸಿಗೆ ಏನು ತೋಚಿತು, ಅದು. ಆಚಾರ್ಯರಿಗೂ ದೊರೆಗೂ ಇದ್ದದ್ದು ಅವಳಿಗೂ ಒಂದು ಬಂತು. ಲೆಕ್ಕದಲ್ಲಿ ಅವರದ್ದರಷ್ಟೇ ತೂಕದ್ದು.

ಮತದಾನ ಎಂಬ ಪದದ ‘ದಾನ’ ಕೆಲವರಿಗೆ ಇರುಸುಮುರುಸು ಉಂಟುಮಾಡುತ್ತದೆ. ದಾನ ಕೊಟ್ಟ ಮೇಲೆ ಕೊಟ್ಟವರಿಗೆ ಕೇಳುವ ಹಕ್ಕಿಲ್ಲ ಎಂಬುದು ನಮ್ಮ ನಂಬಿಕೆ. ಓಟು ಹಾಗಲ್ಲ, ಕೇಳುವ ಹಕ್ಕು ಶುರುವಾಗುವುದೇ ಅಲ್ಲಿಂದ. ಈ ಆಕ್ಷೇಪ ನನಗೂ ಒಪ್ಪಿಗೆ. ಆದರೆ ಕನ್ನಡ ಪಕ್ಕದಲ್ಲೇ ಒಂದು ತಿದ್ದುಪಡಿ ಮಾಡಿಟ್ಟಿದೆ. ಹಿಂದಿಯಲ್ಲಿ ಓಟು ಹಾಕುವವನು ‘ಮತದಾತಾ’, ದಾನ ಕೊಡುವವನು. ಕನ್ನಡದಲ್ಲಿ ಅವನು ಮತದಾತನಲ್ಲ, ‘ಮತದಾರ’. ಮರಾಠಿಯಲ್ಲೂ ಹಾಗೆಯೇ. ಈ ‘ದಾರ’ ಪಾರಸಿಯ ಪ್ರತ್ಯಯ. ಅರ್ಥ ‘ಹೊಂದಿರುವವನು, ಹಿಡಿದಿರುವವನು’. ಪಾಲುದಾರ, ಬಾಡಿಗೆದಾರ, ಚಂದಾದಾರ, ಹಕ್ಕುದಾರ. ಸುಲ್ತಾನರ, ಪೇಶ್ವೆಯರ, ಕಂಪನಿಯ ಕಂದಾಯದ ಕಚೇರಿಗಳಲ್ಲಿ ಬಳಸಿ ಬಳಸಿ ಸವೆದ ಪ್ರತ್ಯಯ ಅದು. ಜಮೀನ್ದಾರನ ಬಾಲಕ್ಕೆ ಇದ್ದದ್ದು, ಇನಾಂದಾರನ ಬಾಲಕ್ಕೆ ಇದ್ದದ್ದು. ಅದೇ ದಾರವನ್ನು ತೆಗೆದು ಮತಕ್ಕೆ ಕಟ್ಟಿದ್ದಾರೆ. ಒಬ್ಬನಲ್ಲಿ ಜಮೀನಿದೆ, ಒಬ್ಬನಲ್ಲಿ ಇನಾಮಿದೆ, ಇವಳಲ್ಲಿ ಮತವಿದೆ. ಯಾರು ಕೊಟ್ಟರು ಎಂಬ ಪ್ರಶ್ನೆಯೇ ಈ ಪದದಲ್ಲಿ ಏಳುವುದಿಲ್ಲ. ಜೀತದಾಳಿನ ಮೊಮ್ಮಗಳೂ ಇನಾಂದಾರನ ಮೊಮ್ಮಗನೂ ಒಂದೇ ಪ್ರತ್ಯಯದಡಿ ನಿಲ್ಲುವುದು ಈ ಪದದಲ್ಲಿ ಮಾತ್ರ. ಸಂಸ್ಕೃತದ ತಲೆ, ಪಾರಸಿಯ ಬಾಲ. ನಿಘಂಟುಕಾರರಿಗೆ ಇದು ಮಿಶ್ರಪದವೆನಿಸಬಹುದು, ನನಗೆ ಇದಕ್ಕಿಂತ ಸರಿಯಾದ ಪದ ಗೊತ್ತಿಲ್ಲ.

ಮತವನ್ನು ನಾವು ‘ಚಲಾಯಿಸುತ್ತೇವೆ’ ಕೂಡ. ಅಧಿಕಾರ ಚಲಾಯಿಸುವಂತೆ, ನಾಣ್ಯ ಚಲಾವಣೆಗೆ ಬರುವಂತೆ. ಊರ ಜನ ಮಾತ್ರ ‘ಓಟು ಹಾಕು’ ಎನ್ನುತ್ತಾರೆ, ಅದು ಕಣ್ಣಲ್ಲಿ ಕಂಡದ್ದನ್ನು ಹಾಗೇ ಹೇಳಿದ ಮಾತು. 1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ. ಗುರುತು ಒತ್ತುವ ಕೆಲಸವಿರಲಿಲ್ಲ. ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಓಟು ಎಂಬ ಪದವೋ, ಅದರ ಲ್ಯಾಟಿನ್ ಮೂಲದ ಅರ್ಥ ಹರಕೆ. ಹೊತ್ತ ಹರಕೆಯನ್ನು ತೀರಿಸಬೇಕಾದವರು ಈಗ ಅದನ್ನು ಹೊತ್ತವರಲ್ಲ, ಪಡೆದವರು.

ಕನ್ನಡ ಕಟ್ಟಿಕೊಂಡ ಮಾತುಗಳಲ್ಲಿ ನನಗೆ ತುಂಬ ಪ್ರೀತಿಯದು ‘ಮತಗಟ್ಟೆ’. ಇಂಗ್ಲಿಷಿನ ಬೂತ್ ಅಂದರೆ ತಾತ್ಕಾಲಿಕ ಗುಡಾರ, ಚಪ್ಪರ. ನಮ್ಮದು ಕಟ್ಟೆ. ಅರಳಿಕಟ್ಟೆ, ಸೋಮಾರಿಕಟ್ಟೆ, ಪಂಚಾಯ್ತಿಕಟ್ಟೆ. ಊರಿನ ತೀರ್ಮಾನಗಳು ಆಗುತ್ತಿದ್ದದ್ದು ಕಟ್ಟೆಯ ಮೇಲೆ, ಮತ್ತು ಆ ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು, ಯಾರು ಕೆಳಗೆ ನೆಲದಲ್ಲಿ ನಿಲ್ಲುತ್ತಿದ್ದರು, ಯಾರು ಇನ್ನೂ ದೂರದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು ಎಂಬುದು ಹಳ್ಳಿಯಲ್ಲಿ ಬೆಳೆದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೆಂಗಸರು ಕಟ್ಟೆಯ ಮುಂದೆ ಹಾದುಹೋಗುವಾಗ ಸೆರಗು ಸರಿಮಾಡಿಕೊಂಡು ಹೆಜ್ಜೆ ಚುರುಕು ಮಾಡುತ್ತಿದ್ದರು. ಮತಗಟ್ಟೆ ಕಟ್ಟೆಯ ಹೆಸರು ಉಳಿಸಿಕೊಂಡು ಏರುವ ಮೆಟ್ಟಿಲನ್ನು ಬದಲಾಯಿಸಿತು. ಅಲ್ಲಿ ಸಾಲು, ಸಾಲಿನಲ್ಲಿ ಮೊದಲು ಬಂದವರು ಮೊದಲು. ಬೆಳಗ್ಗೆ ಏಳಕ್ಕೆ ಶಾಲೆಯ ಜಗುಲಿಯಲ್ಲಿ ಗೌಡರ ಹಿಂದೆ ಕೂಲಿಯವರು, ಕೂಲಿಯವರ ಹಿಂದೆ ಮೇಷ್ಟ್ರು. ಆ ಸಾಲಿನಲ್ಲಿ ನಿಂತಾಗಲೆಲ್ಲ ನನಗೆ ಗಂಟಲು ಕಟ್ಟಿದಂತಾಗುತ್ತದೆ.

ಎಲ್ಲರಿಗೂ ಒಂದೇ ಸಲಕ್ಕೆ ಓಟು ಎಂಬ ತೀರ್ಮಾನ ಬಂದದ್ದು ಲೋಥಿಯನ್ ಸಮಿತಿ ಆಗದು ಎಂದ ಎರಡು ದಶಕದೊಳಗೆ. ಸಂವಿಧಾನದ 326ನೆಯ ವಿಧಿ ಜಮೀನು ಕೇಳಲಿಲ್ಲ, ಓದು ಕೇಳಲಿಲ್ಲ, ಗಂಡನ ಆಸ್ತಿ ಕೇಳಲಿಲ್ಲ. ವಯಸ್ಸು ಇಪ್ಪತ್ತೊಂದು ಆಗಿರಬೇಕೆಂದಿತು, 1989ರಿಂದ ಅದು ಹದಿನೆಂಟಾಯಿತು. ಸಂವಿಧಾನ ಇನ್ನೂ ಪೂರ್ತಿ ಬರೆದಾಗಿರಲಿಲ್ಲ, ಆಗಲೇ ಸಂವಿಧಾನ ರಚನಾ ಸಭೆಯ ಸಚಿವಾಲಯ ಮತದಾರರ ಪಟ್ಟಿಯ ಕೆಲಸಕ್ಕೆ ಕೈಹಾಕಿತ್ತು. ಆ ಸಭೆಯ ಸಾಂವಿಧಾನಿಕ ಸಲಹೆಗಾರರು ಮಂಗಳೂರು ಕಡೆಯ ಬೆನಗಲ್ ನರ್ಸಿಂಗ ರಾವ್. ಮೊದಲ ಚುನಾವಣೆಯ ಪಟ್ಟಿಯಲ್ಲಿ 17 ಕೋಟಿಗೂ ಹೆಚ್ಚು ಹೆಸರು. ಬಹುಪಾಲು ಜನಕ್ಕೆ ಅಕ್ಷರ ಬಾರದು.

ಹೆಸರು ಎಂದೆ. ಆ ಪಟ್ಟಿಯಿಂದ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಸುಮಾರು 28 ಲಕ್ಷ ಹೆಂಗಸರನ್ನು ಕೈಬಿಡಬೇಕಾಯಿತು. ಬಿಹಾರ, ಮಧ್ಯಪ್ರದೇಶ, ರಾಜಸ್ಥಾನಗಳ ಕಡೆ ಮನೆಗೆ ಬಂದ ಗುಮಾಸ್ತನಿಗೆ ಅವರು ತಮ್ಮ ಹೆಸರು ಹೇಳಿರಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದ್ದರು. 1935ರ ಕಾಯ್ದೆ ಹೆಂಡತಿಯೆಂಬ ಕಾರಣಕ್ಕೇ ಓಟು ಕೊಟ್ಟಿತ್ತು, 1951ರ ಪಟ್ಟಿ ಹೆಂಡತಿಯೆಂದಷ್ಟೇ ಬರೆಸಿದರೆ ಓಟಿಲ್ಲ ಎಂದಿತು. ಅಷ್ಟು ಜನ ಒಂದು ಸಲ ಹಕ್ಕು ಕಳೆದುಕೊಂಡದ್ದು ಸಂಕಟದ ಸಂಗತಿಯೇ. ಆದರೂ ಸೇನ್ ಮಾಡಿದ್ದು ಸರಿಯೆಂದು ನನ್ನ ಎಣಿಕೆ. ಮತ ಮನಸ್ಸಿನದಾದರೆ ಆ ಮನಸ್ಸಿಗೊಂದು ಹೆಸರು ಬೇಕು. ಮುಂದಿನ ಚುನಾವಣೆಗಳಿಗೆ ಹೆಂಗಸರು ಹೆಸರು ಬರೆಸಿದರು. ಹೆಸರಿಗೆ ತಕ್ಕ ಗುರುತೂ ಬಂತು: ಮೈಸೂರಿನಲ್ಲಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ 1962ರಿಂದ ಇಡೀ ದೇಶದ ಬೆರಳಿಗೆ ಅಳಿಸಲಾಗದ ಶಾಯಿ ಕಳಿಸುತ್ತಿದೆ.

ಬಿಡುಗಡೆ ಮತ್ತು ಓಟನ್ನು ಒಂದೇ ಮಾತಿನಲ್ಲಿ ಕಟ್ಟಿದ ಆ ಹಳೆಯ ಪರಂಗಿ ಪದದ ಗಂಟು ಇವತ್ತಿಗೂ ಒಂದು ಕಡೆ ಬಿಚ್ಚಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 62ನೆಯ ಕಲಮಿನ 5ನೆಯ ಉಪಕಲಮಿನ ಪ್ರಕಾರ ಜೈಲಿನಲ್ಲಿರುವವರು ಓಟು ಹಾಕುವಂತಿಲ್ಲ. ಶಿಕ್ಷೆಯಾದವರು ಮಾತ್ರವಲ್ಲ, ವಿಚಾರಣಾಧೀನ ಕೈದಿಗಳೂ. ಮುಂಜಾಗ್ರತೆಯ ಬಂಧನದಲ್ಲಿರುವವರಿಗೆ ಮಾತ್ರ ವಿನಾಯಿತಿ. ಸುಪ್ರೀಂ ಕೋರ್ಟು 1997ರಲ್ಲಿ ಇದನ್ನು ಎತ್ತಿಹಿಡಿಯಿತು. ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಅವರ ತಪ್ಪು ಇನ್ನೂ ಸಾಬೀತಾಗಿಲ್ಲ. ಅದೇ ಆರೋಪ ಹೊತ್ತು ಜಾಮೀನಿನ ಮೇಲೆ ಹೊರಗಿರುವವನು ಸಾಲಿನಲ್ಲಿ ನಿಂತು ಓಟು ಹಾಕಿ ಬರುತ್ತಾನೆ.

ಕನ್ನಡದಲ್ಲಿ ಜಮೀನಿಗೂ ಜಾಮೀನಿಗೂ ನಡುವೆ ಇರುವುದು ಒಂದು ದೀರ್ಘ ಮಾತ್ರ. ಮೂಲದಲ್ಲಿ ಇವು ಬೇರೆಬೇರೆ: ಜಮೀನು ಪಾರಸಿಯ ನೆಲ, ಜಾಮೀನು ಅರಬಿಯ ಹೊಣೆ. ಆದರೆ ನಮ್ಮ ಯಾವುದೇ ತಾಲ್ಲೂಕಿನ ಕೋರ್ಟಿನ ಅಂಗಳಕ್ಕೆ ಹೋಗಿ ನೋಡಿ. ಮಗನನ್ನು ಬಿಡಿಸಿಕೊಳ್ಳಲು ಬಂದ ತಾಯಿ ಜಾಮೀನುದಾರರನ್ನು ಹುಡುಕುತ್ತ ನಿಂತಿರುತ್ತಾಳೆ. ಜಾಮೀನು ನಿಲ್ಲುವವರ ಹತ್ತಿರ ವಕೀಲರು ಕೇಳುವ ಮೊದಲ ಕಾಗದ ಪಹಣಿ, ಹೆಸರಿನಲ್ಲಿ ಜಮೀನಿದೆ ಎಂಬ ಸಾಕ್ಷಿ. ಸಿಗದಿದ್ದರೆ ಅವಳು ಸಂಜೆಯ ಬಸ್ಸಿಗೆ ಊರಿಗೆ ಹೋಗುತ್ತಾಳೆ. ಚುನಾವಣೆಯ ದಿನ ಶಾಲೆಯ ಜಗುಲಿಯಲ್ಲಿ ಅವಳ ಬೆರಳಿಗೆ ಶಾಯಿ ಬೀಳುತ್ತದೆ. ಪಟ್ಟಿಯಲ್ಲಿ ಅವಳ ಹೆಸರಿನ ಕೆಳಗೇ ಇರುವ ಮಗನ ಹೆಸರಿನ ಮೇಲೆ ಮತಗಟ್ಟೆಯವರು ಗೆರೆ ಎಳೆಯುವುದಿಲ್ಲ.